ದೇವರಾಯನದುರ್ಗದ ತಪ್ಪಲಿನ ಕಪ್ಪೆ ನಡಿಗೆ: ಶನಿವಾರವನ್ನಲ್ಲ, ಮಳೆಯನ್ನು ನೋಡಿ ಹೋಗಿ

ತುಮಕೂರಿನಿಂದ ದೇವರಾಯನದುರ್ಗದ ಕಡೆಗೆ ಹೋಗುವ ರಸ್ತೆಯಲ್ಲಿ, ಬೆಟ್ಟದ ಏರು ಶುರುವಾಗುವುದಕ್ಕೆ ಮೊದಲೇ ಸಿಗುವ ತೆಂಗು ಅಡಿಕೆಯ ತೋಟವೊಂದರಲ್ಲಿ, ಮೇ ತಿಂಗಳಿನಿಂದ ಅಕ್ಟೋಬರ್ ಕೊನೆಯವರೆಗೆ ಪ್ರತಿ ಶನಿವಾರ ರಾತ್ರಿ ‘ಕಪ್ಪೆ ನಡಿಗೆ’ ಎಂಬ ಕಾರ್ಯಕ್ರಮ ನಡೆಯುತ್ತದೆ. ಸಂಜೆ ಆರೂವರೆಗೆ ಆರಂಭ, ಹತ್ತು ಗಂಟೆಯ ಸುಮಾರಿಗೆ ಮುಕ್ತಾಯ. ಊಟ ಸೇರಿ ತಲಾ 600 ರೂಪಾಯಿ, ಚಿಕ್ಕ ಮಕ್ಕಳಿಗೆ ಅರ್ಧ. ಕಾಡಿನೊಳಕ್ಕೆ ಜನರನ್ನು ಕರೆದೊಯ್ಯುವ ಚಾರಣ ಇದಲ್ಲ. ಮೀಸಲು ಅರಣ್ಯದ ಗಡಿಯನ್ನು ದಾಟದೆ, ತೋಟದ ಕೃಷಿ ಹೊಂಡ, ಅದರ ಕೆಳಗಿನ ಗದ್ದೆ ಬಯಲು, ಊರ ಹಿಂದಿನ ಗೋಕಟ್ಟೆ, ಈ ಮೂರು ಜಾಗಗಳಲ್ಲಿ ಕೂತು ನಿಂತು ಕಪ್ಪೆಗಳ ಕೂಗನ್ನು ಕೇಳುವುದು, ಯಾವ ಕೂಗು ಯಾರದು, ಯಾಕೆ, ಯಾವ ಹೊತ್ತಿನಲ್ಲಿ ಎಂಬುದನ್ನು ತಿಳಿದುಕೊಳ್ಳುವುದು, ಇಷ್ಟೇ ಇದರ ವ್ಯಾಪ್ತಿ. ಮನೆಯವರೇ ಸೇರಿಕೊಂಡು ನಡೆಸುವ ಸಣ್ಣ ಪ್ರಯತ್ನವಾದ್ದರಿಂದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ತುಮಕೂರಿನಲ್ಲಿ ಹಕ್ಕಿ ನೋಡುವ ಹವ್ಯಾಸವಿರುವ ಯಾರನ್ನು ಕೇಳಿದರೂ ದಾರಿ ಹೇಳುತ್ತಾರೆ.

ಕಲಿಸುವ ವಿಚಾರದಲ್ಲಿ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ಕಾರ್ಯಕ್ರಮ. ದಿನ ಗೊತ್ತುಮಾಡುವ ವಿಚಾರದಲ್ಲಿ ಮಾತ್ರ ಆಯೋಜಕರು ಕಪ್ಪೆಗಳ ಪಂಚಾಂಗವನ್ನು ಬದಿಗಿಟ್ಟು ಬೆಂಗಳೂರಿನ ನೌಕರರ ವಾರಾಂತ್ಯವನ್ನು ಹಿಡಿದುಕೊಂಡಿದ್ದಾರೆ, ಅಲ್ಲೇ ತೊಡಕು. ಒಣ ಶನಿವಾರವೊಂದರಲ್ಲಿ ಹೋಗಿದ್ದಾಗ ಹೊಂಡದ ಅಂಚಿನ ನೀರುಗಪ್ಪೆಗಳು ಮತ್ತು ಬಚ್ಚಲುಮನೆಯ ಗೋಡೆಗೆ ಅಂಟಿಕೊಂಡಿದ್ದ ಒಂದು ಮರಗಪ್ಪೆಯ ಹೊರತು ಬೇರೇನೂ ತಾನಾಗಿ ಬಾಯಿ ಬಿಡಲಿಲ್ಲ. ಮಾರ್ಗದರ್ಶಕಿ ಪಾಪ ಮಾತಿನಿಂದಲೇ ಮೂರು ಗಂಟೆ ತುಂಬಿಸಬೇಕಾಯಿತು. ತೋಟದ ಯಜಮಾನರು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ, “ಮಳೆ ಬಿದ್ದ ರಾತ್ರಿ ಬನ್ನಿ ಸ್ವಾಮಿ. ಶನಿವಾರ ಅಂತ ಬಂದ್ರೆ ಅವು ತಾನೇ ಏನ್ ಮಾಡ್ತವೆ?” ಎಂದರು. ಅವರ ಮಾತಿಗೆ ಕಿವಿಗೊಟ್ಟು, ಉತ್ತರೆ ಮಳೆ ಚೆನ್ನಾಗಿ ಹೊಯ್ದ ಮರುದಿನ ಫೋನ್ ಮಾಡಿ, ವಾರದ ನಡುವೆಯೇ ಮತ್ತೆ ಹೋದೆ. ಎರಡು ರಾತ್ರಿಗಳಿಗೂ ಒಂದೇ ಜಾಗ, ಒಂದೇ ದರ, ಅದೇ ಮಾರ್ಗದರ್ಶಕಿ. ಆದರೆ ಕೇಳಿದ್ದಕ್ಕೆ ಹೋಲಿಕೆಯೇ ಇಲ್ಲ.

ಕಪ್ಪೆ ಕೂಗುವುದು ತನ್ನ ಇಷ್ಟಕ್ಕೆ ಬಂದಾಗಲಲ್ಲ. ಅದರ ಚರ್ಮ ಒಣಗಬಾರದು, ಮೊಟ್ಟೆಗಳಿಗೆ ನೀರು ಬೇಕು, ಗೊದಮೊಟ್ಟೆಗಳು ಬೆಳೆದು ಕಾಲು ಮೂಡುವವರೆಗೆ ಆ ನೀರು ನಿಲ್ಲಬೇಕು; ಹೀಗಾಗಿ ಬಯಲುಸೀಮೆಯ ಬಹುತೇಕ ಕಪ್ಪೆಗಳಿಗೆ ಕೂಗುವ ಕಾಲವೆಂದರೆ ಹೊಸ ನೀರು ನಿಂತ ಕಾಲ, ಅದರಲ್ಲೂ ಸೂರ್ಯ ಮುಳುಗಿದ ನಂತರದ ಮೊದಲ ಕೆಲವು ಗಂಟೆಗಳು. ತುಮಕೂರಿನ ಕಡೆ ಭರಣಿ, ಕೃತ್ತಿಕೆಯ ಮಳೆಗಳು ನೆಲವನ್ನು ತಟ್ಟಿ ಎಬ್ಬಿಸಿದರೂ, ವರ್ಷದ ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಮಲೆನಾಡಿನಲ್ಲಿ ಜೂನ್ ಮೊದಲ ವಾರಕ್ಕೇ ಕಪ್ಪೆಗಳ ಗದ್ದಲ ಏರಿರುತ್ತದೆ. ನಮ್ಮಲ್ಲಿ ಅದು ಕಂತು ಕಂತಾಗಿ, ಮಳೆ ಬಿದ್ದಾಗಲೊಮ್ಮೆ ಎದ್ದು, ಒಣಗಿದಾಗ ಅಡಗುತ್ತದೆ. ಈ ವ್ಯತ್ಯಾಸವನ್ನು ಮಾರ್ಗದರ್ಶಕಿ ಸರಿಯಾಗಿಯೇ ವಿವರಿಸಿದರು. ಅದನ್ನು ಅಷ್ಟು ಚೆನ್ನಾಗಿ ಬಲ್ಲವರು ಕಾರ್ಯಕ್ರಮವನ್ನು ಏಕೆ ಶನಿವಾರಕ್ಕೆ ಕಟ್ಟಿಹಾಕಿದ್ದಾರೆ ಎಂಬುದೇ ನನ್ನ ಪ್ರಶ್ನೆ.

ಎಲ್ಲ ಕಪ್ಪೆಗಳೂ ಒಂದೇ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅಮೆರಿಕದ ಜೀವವಿಜ್ಞಾನಿ ಕೆಂಟ್‌ವುಡ್ ವೆಲ್ಸ್ 1977ರಲ್ಲಿ ಕಪ್ಪೆಗಳ ಸಂತಾನಕಾಲವನ್ನು ಎರಡು ಬಗೆಯಾಗಿ ನೋಡಿದರು: ಮಳೆ ಬಿದ್ದ ಕೆಲವೇ ರಾತ್ರಿಗಳಲ್ಲಿ ಒಮ್ಮೆಗೇ ಸೇರಿ, ಕೂಗಿ, ಕೂಡಿ, ಮೊಟ್ಟೆಯಿಟ್ಟು ಚದುರಿಹೋಗುವವು ಒಂದು ಬಗೆ, ವಾರಗಟ್ಟಲೆ, ತಿಂಗಳುಗಟ್ಟಲೆ ರಾತ್ರಿ ರಾತ್ರಿಯೂ ಒಂದೊಂದು ಜಾಗ ಹಿಡಿದು ಕೂಗುವವು ಇನ್ನೊಂದು ಬಗೆ. ಹೊಂಡದ ಅಂಚಿನ ನೀರುಗಪ್ಪೆ, ಅಂದರೆ ಕಲ್ಲೆಸೆದರೆ ನೀರಿನ ಮೇಲೆಯೇ ಪಟಪಟನೆ ಜಿಗಿದು ಓಡುವ ಕಪ್ಪೆ, ಎರಡನೆಯ ಗುಂಪಿನದು. ನೀರಿರುವಷ್ಟು ಕಾಲವೂ ಅದು ಕೂಗುತ್ತದೆ, ಹಗಲಲ್ಲೂ ಕೂಗುತ್ತದೆ. ಒಣ ಶನಿವಾರ ನಮ್ಮ ಮಾನ ಕಾಪಾಡಿದ್ದು ಅದೇ. ದೊಡ್ಡ ಗಾತ್ರದ ಗೋಂಕರುಕಪ್ಪೆಯೂ (ಬುಲ್‌ಫ್ರಾಗ್) ನೆಲದೊಳಗೆ ಹುದುಗಿರುವ ಗುಂಡುಕಪ್ಪೆಗಳೂ ಮೊದಲನೆಯ ಗುಂಪಿನವು. ವರ್ಷದ ಬಹುಪಾಲು ಮಣ್ಣಿನಡಿಯಲ್ಲಿ ಕಳೆದು, ಗೆದ್ದಲು ಇರುವೆ ತಿಂದುಕೊಂಡಿರುವ ಗುಂಡುಕಪ್ಪೆಯ ಗಂಡು ಮಳೆ ಬಿದ್ದ ರಾತ್ರಿ ಹೊರಬಂದು, ಉಬ್ಬಿಕೊಂಡು ನೀರಿನ ಮೇಲೆ ತೇಲುತ್ತಾ ಕೂಗುತ್ತದೆ. ಅದನ್ನು ನೋಡಬೇಕೆಂದು ಟಿಕೆಟ್ ಕೊಂಡವರು ಮೋಡವನ್ನು ನೋಡಿ ಕೊಳ್ಳಬೇಕೇ ಹೊರತು ಕ್ಯಾಲೆಂಡರನ್ನಲ್ಲ.

ಇನ್ನು ಕಾರ್ಯಕ್ರಮದ ಮೊದಲ ಅರ್ಧ ಗಂಟೆಯ ಪಾಠ. ಜಗಲಿಯಲ್ಲಿ ಚಾಪೆ ಹಾಸಿ, ಕಾಫಿ ಕೊಟ್ಟು, ಒಂದು ಹಲಗೆಯ ಮೇಲೆ ಚಿತ್ರ ಬರೆದು ಹೇಳುತ್ತಾರೆ. ಪ್ರೊಜೆಕ್ಟರ್ ಇಲ್ಲ, ಅದೇ ಒಳ್ಳೆಯದಾಯಿತು. ಕಪ್ಪೆ ಬಾಯಿ ತೆರೆದು ಕೂಗುತ್ತದೆ ಎಂಬ ನಂಬಿಕೆಯನ್ನು ಮಾರ್ಗದರ್ಶಕಿ ಮೊದಲಿಗೇ ತೆಗೆದುಹಾಕಿದರು. ಬಾಯಿ, ಮೂಗಿನ ಹೊಳ್ಳೆ ಎರಡನ್ನೂ ಮುಚ್ಚಿಕೊಂಡು, ಶ್ವಾಸಕೋಶದ ಗಾಳಿಯನ್ನು ಹೊಟ್ಟೆಯ ಸ್ನಾಯುಗಳಿಂದ ಒತ್ತಿ ಗಂಟಲಿನ ಸ್ವರತಂತುಗಳ ಮೂಲಕ ಹಾಯಿಸಿದಾಗ ದನಿ ಹುಟ್ಟುತ್ತದೆ. ಆ ಗಾಳಿ ಗಲ್ಲದ ಕೆಳಗಿನ ಚೀಲವನ್ನು ಉಬ್ಬಿಸಿ, ಮತ್ತೆ ಶ್ವಾಸಕೋಶಕ್ಕೆ ಮರಳುತ್ತದೆ. ಒಂದೇ ಉಸಿರನ್ನು ಹೀಗೆ ಒಳಗೊಳಗೇ ಆಡಿಸುವುದರಿಂದ ಪ್ರತಿ ಕೂಗಿಗೂ ಹೊಸ ಗಾಳಿ ಎಳೆದುಕೊಳ್ಳುವ ಅವಸರ ಅದಕ್ಕಿಲ್ಲ. ಬಾಯಿ ತೆರೆದು ಚೀರುವುದು ಹಾವಿನ ಹಿಡಿತಕ್ಕೆ ಸಿಕ್ಕಾಗ, ಅದು ಬೇರೆಯದೇ ಆರ್ತನಾದ. ಹಳ್ಳಿಯಲ್ಲಿ ಬೆಳೆದವರು ಅದನ್ನು ಒಮ್ಮೆಯಾದರೂ ಕೇಳಿರುತ್ತಾರೆ.

ಕೂಗುವುದು ಬಹುಮಟ್ಟಿಗೆ ಗಂಡು ಎಂಬ ಮಾತೂ ಬಂತು. ಬೆಂಗಳೂರಿನಿಂದ ಬಂದಿದ್ದ ಒಬ್ಬ ಹುಡುಗ, “ಅಕ್ಕ, ಹಾಗಾದ್ರೆ ಹೆಣ್ಣುಕಪ್ಪೆ ಮೂಗೀನಾ?” ಎಂದು ಕೇಳಿದ. “ಇಲ್ಲ ಕಣೋ, ಅವಳು ಕೇಳಿಸ್ಕೋತಾಳೆ, ಆರಿಸ್ಕೋತಾಳೆ” ಎಂದು ಅವರು ಹೇಳಿದ ಉತ್ತರ ಚಿಕ್ಕದಾದರೂ ಸರಿಯಾಗಿತ್ತು. ಕೆಲವು ಪ್ರಭೇದಗಳಲ್ಲಿ ಹೆಣ್ಣೂ ಮೆಲುದನಿಯಲ್ಲಿ ಮರುಕೂಗು ಕೊಡುತ್ತದೆ ಎಂಬುದನ್ನು ಅವರು ಸೇರಿಸಬಹುದಿತ್ತು. ಆರಿಸಿಕೊಳ್ಳುವ ಕೆಲಸಕ್ಕೆ ಅವಳ ಕಿವಿಯೇ ಹೇಳಿಮಾಡಿಸಿದ ಹಾಗಿರುತ್ತದೆ: ಒಳಗಿವಿಯ ಎರಡು ಬೇರೆ ಬೇರೆ ಅಂಗಗಳಲ್ಲಿ ಒಂದು ತಗ್ಗು ಸ್ಥಾಯಿಯ ದನಿಗೆ, ಇನ್ನೊಂದು ಮೇಲು ಸ್ಥಾಯಿಯ ದನಿಗೆ ಸ್ಪಂದಿಸುತ್ತದೆ, ಮತ್ತು ಆ ಸ್ಪಂದನ ತನ್ನ ಪ್ರಭೇದದ ಕೂಗಿನ ಸುತ್ತಮುತ್ತಲೇ ಹೆಚ್ಚು ಚುರುಕಾಗಿರುತ್ತದೆ. ಪೋರ್ಟೊರಿಕೊ ದ್ವೀಪದ ‘ಕೊಕೀ’ ಎಂಬ ಮರಗಪ್ಪೆಯ ಬಗ್ಗೆ ಪೀಟರ್ ನರಿನ್ಸ್ ಮತ್ತು ರಾಬರ್ಟ್ ಕಪ್ರಾನಿಕಾ 1976ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸೊಗಸಾದ ಸಾಕ್ಷಿ: ಆ ಕಪ್ಪೆಯ ಎರಡಕ್ಷರದ ಕೂಗಿನಲ್ಲಿ ‘ಕೊ’ ಎಂಬ ಮೊದಲ ಭಾಗ ಇತರ ಗಂಡುಗಳಿಗೆ ‘ದೂರ ಇರು’ ಎಂಬ ಎಚ್ಚರಿಕೆ, ‘ಕೀ’ ಎಂಬ ಎರಡನೆಯ ಭಾಗ ಹೆಣ್ಣಿಗೆ ಕರೆ, ಗಂಡು ಹೆಣ್ಣುಗಳ ಕಿವಿಗಳೂ ಅದಕ್ಕೆ ತಕ್ಕಂತೆ ಬೇರೆ ಬೇರೆ ಭಾಗಕ್ಕೆ ಹೊಂದಿಕೊಂಡಿವೆ. ಪಾಠದಲ್ಲಿ ಇಂಥ ಒಂದೆರಡು ಉದಾಹರಣೆಗಳಿದ್ದರೆ ದೊಡ್ಡವರೂ ಮೊಬೈಲ್ ತೆಗೆಯದೆ ಕೂರುತ್ತಿದ್ದರು.

ಕಾರ್ಯಕ್ರಮದ ನಿಜವಾದ ಸತ್ವ ಇರುವುದು ಗೋಕಟ್ಟೆಯ ಏರಿಯ ಮೇಲೆ ಟಾರ್ಚ್ ಆರಿಸಿ ಕೂರಿಸುವ ಆ ಇಪ್ಪತ್ತು ನಿಮಿಷದಲ್ಲಿ. ನಾವು ನಡೆದು ಹೋದಾಗ ಕಟ್ಟೆಯ ಗದ್ದಲವೆಲ್ಲ ಥಟ್ಟನೆ ನಿಂತಿತು; ಹೆಜ್ಜೆಯ ಅದುರು ನೆಲದ ಮೂಲಕವೇ ಕಪ್ಪೆಗೆ ತಿಳಿಯುತ್ತದೆ, ಅದಕ್ಕೆ ಬೆಳಕೂ ಬೇಕಿಲ್ಲ ಮಾತೂ ಬೇಕಿಲ್ಲ. ಅಲುಗಾಡದೆ ಕೂತ ಮೇಲೆ ದೂರದ ದಡದಲ್ಲಿ ಯಾವುದೋ ಒಂದು ಧೈರ್ಯ ಮಾಡಿ ಕಿರ್ರ್ ಎಂದಿತು, ಇನ್ನೊಂದು ಅದಕ್ಕೆ ಸೇರಿತು, ಸ್ವಲ್ಪ ಹೊತ್ತಿಗೆ ಸುತ್ತಲೂ ಆವರಿಸಿತು. ಮೊದಮೊದಲು ಬರೀ ಗದ್ದಲವಾಗಿ ಕೇಳುವುದು ಕಿವಿ ಪಳಗಿದ ಹಾಗೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಎಲ್ಲಕ್ಕಿಂತ ಕೆಳಗೆ ಗೋಂಕರುಕಪ್ಪೆಗಳ ತೂಕದ ದನಿ. ಅದರ ಮೇಲೆ ನೆಲಗಪ್ಪೆಯ ಉದ್ದಕ್ಕೆ ಎಳೆಯುವ ರಾಗ. ಗದ್ದೆಯ ಬದುವಿನಿಂದ ಸಣ್ಣ ಗದ್ದೆಗಪ್ಪೆಗಳ ಬಿಡಿಬಿಡಿಯಾದ ಚಿರಿಚಿರಿ. ಪೊದೆಯಿಂದ ಮರಗಪ್ಪೆಯ ಟಕ್ ಟಕ್, ನಡುನಡುವೆ ಬಿಡುವು. ಈ ಬೇರೆ ಬೇರೆ ಸ್ಥಾಯಿಗಳು ಆಕಸ್ಮಿಕವಲ್ಲ. ದೇಹ ದೊಡ್ಡದಾದಷ್ಟೂ ಸ್ವರತಂತುಗಳು ದಪ್ಪ, ದನಿ ತಗ್ಗು. ಹೀಗಾಗಿ ಒಂದೇ ಪ್ರಭೇದದಲ್ಲೂ ದೊಡ್ಡ ಗಂಡನ್ನು ಅದರ ದನಿಯಿಂದಲೇ ಗುರುತಿಸಬಹುದು.

ಮಾರ್ಗದರ್ಶಕಿ ಕೆಂಪು ಹಾಳೆ ಸುತ್ತಿದ ಟಾರ್ಚನ್ನು ಮೆಲ್ಲಗೆ ಒಂದು ಕಡೆ ಹಿಡಿದರು. ದನದ ಗೊರಸು ಊರಿದ ಗುಂಡಿಯೊಂದರಲ್ಲಿ ನಿಂತಿದ್ದ ಅಂಗೈಯಗಲದ ನೀರಿನಲ್ಲಿ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪೆ, ಬೆನ್ನ ಮೇಲೆ ಕಂದು ಬಣ್ಣದ ಚಿತ್ತಾರ, ಮೂತಿ ಚೂಪು, ಬಾಯಿ ಕಿರಿದು: ವೈಜ್ಞಾನಿಕ ಹೆಸರು ಮೈಕ್ರೊಹೈಲಾ ಆರ್ನೇಟಾ. ಕೂಗುವ ಮೊದಲು ಅದರ ಪಕ್ಕೆಗಳು ತುಂಬಿಕೊಂಡವು. ಮರುಕ್ಷಣ ಪಕ್ಕೆ ಕುಗ್ಗಿ, ಗಲ್ಲದ ಚೀಲ ತಲೆಗಿಂತ ದೊಡ್ಡದಾಗಿ ಉಬ್ಬಿ, ಆ ಗಾತ್ರದ ಪ್ರಾಣಿಯಿಂದ ಹೊರಟಿತೆಂದು ನಂಬಲಾಗದಷ್ಟು ದೊಡ್ಡ ಟರ್ರ್ ಎಂಬ ದನಿ ಬಂತು. ಚೀಲ ಕುಗ್ಗಿತು, ಪಕ್ಕೆ ಮತ್ತೆ ತುಂಬಿತು. ಪ್ರತಿ ಕೂಗಿಗೂ ಆ ಪುಟ್ಟ ನೀರಿನಲ್ಲಿ ಅಲೆಯ ಉಂಗುರಗಳು ಏಳುತ್ತಿದ್ದವು. ಪಕ್ಕದ ಗೊರಸಿನ ಗುಂಡಿಯಲ್ಲಿ ಇನ್ನೊಂದು ಗಂಡು ಕೂತಿತ್ತು, ಇದು ನಿಲ್ಲಿಸಿದ ಸಂದಿಯಲ್ಲಿ ಅದು ಕೂಗುತ್ತಿತ್ತು. ಎರಡೂ ಒಟ್ಟಿಗೆ ಕೂಗಿದರೆ ಹೆಣ್ಣಿಗೆ ಯಾವುದೂ ಸ್ಪಷ್ಟವಾಗುವುದಿಲ್ಲ. ಅನೇಕ ಪ್ರಭೇದಗಳಲ್ಲಿ ಒಂದು ಹೆಜ್ಜೆ ಮೊದಲು ಕೂಗಿದವನ ಕಡೆಗೇ ಹೆಣ್ಣು ಹೋಗುವುದನ್ನು ಪ್ರಯೋಗಗಳು ತೋರಿಸಿವೆ. ಆದ್ದರಿಂದ ಈ ಸರದಿ ಸೌಜನ್ಯದ್ದಲ್ಲ, ಪೈಪೋಟಿಯದು.

ಅಲ್ಲೇ ಎರಡು ಮಾರು ದೂರದಲ್ಲಿ ಒಂದು ನೆಲಗಪ್ಪೆ ಇನ್ನೊಂದರ ಬೆನ್ನೇರಿತ್ತು, ಕೆಳಗಿನದು ಕ್ವಿಕ್ ಕ್ವಿಕ್ ಎಂದು ತುಂಡು ತುಂಡಾಗಿ ದನಿ ಮಾಡುತ್ತಾ ಪಕ್ಕೆ ಅದುರಿಸುತ್ತಿತ್ತು. ಕೆಳಗಿದ್ದದ್ದೂ ಗಂಡೇ. ‘ನಾನು ಹೆಣ್ಣಲ್ಲ, ಬಿಡು’ ಎಂಬ ಈ ಬಿಡುಗಡೆಯ ಕೂಗನ್ನು ಕೇಳಿ ಮೇಲಿನದು ಹಿಡಿತ ಸಡಿಲಿಸಿತು. ಕೂಗದೆ ಸುಮ್ಮನೆ ಕೂತವರ ಕಡೆಗೂ ನೋಡಬೇಕು. ಕೂಗುವ ಗಂಡಿನ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತು, ಅವನ ದನಿಗೆ ಮರುಳಾಗಿ ಬರುವ ಹೆಣ್ಣನ್ನು ದಾರಿಯಲ್ಲೇ ತಡೆದು ಹಿಡಿಯುವ ಗಂಡುಗಳು ಅನೇಕ ಪ್ರಭೇದಗಳಲ್ಲಿ ಇವೆ. ಇಷ್ಟನ್ನೂ ಒಂದೇ ಗೋಕಟ್ಟೆಯ ದಡದಲ್ಲಿ, ಕೂತ ಜಾಗದಿಂದ ಏಳದೆ ತಿಳಿಸಿಕೊಡುವ ಮಾರ್ಗದರ್ಶಕರು ಸಿಗುವುದು ಅಪರೂಪ, ಆ ಶ್ರೇಯಸ್ಸು ಅವರಿಗೆ ಸಲ್ಲಬೇಕು. ಗೋಂಕರುಕಪ್ಪೆಯ ಬಗ್ಗೆ ಮಾತ್ರ ಒಂದು ಸಲಹೆ: ಅರಿಸಿನ ಬಣ್ಣಕ್ಕೆ ತಿರುಗಿದ ಗಂಡುಗಳು ಗಲ್ಲದ ಎರಡು ಬದಿಯ ನೀಲಿ ಚೀಲಗಳನ್ನು ಉಬ್ಬಿಸಿ ಕೂಗುವುದನ್ನು ಕಣ್ಣಾರೆ ನೋಡಬೇಕಾದರೆ ದೊಡ್ಡ ಮಳೆಯ ಮರುದಿನ ಹಗಲಿನಲ್ಲೇ ಹೋಗಬೇಕು. ಅವು ಆಗ ಬಿಸಿಲಿಗೂ ಹೆದರದೆ ಕೂಗುತ್ತವೆ. ರಾತ್ರಿಯ ಕೆಂಪು ಬೆಳಕಿನಲ್ಲಿ ಆ ಹಳದಿಯೂ ಇಲ್ಲ, ನೀಲಿಯೂ ಇಲ್ಲ. ಆಯೋಜಕರು ಇದಕ್ಕೊಂದು ಹಗಲು ನಡಿಗೆಯನ್ನು ಸೇರಿಸಿದರೆ ಜನ ಸಂತೋಷದಿಂದ ಬರುತ್ತಾರೆ.

ಇಷ್ಟವಾಗದೇ ಹೋದದ್ದು ಮೊಬೈಲಿನಲ್ಲಿ ಕೂಗು ನುಡಿಸುವ ಪದ್ಧತಿ. ಒಣ ರಾತ್ರಿ ಜನರಿಗೆ ಬೇಸರವಾಗಬಾರದೆಂದು ಸಣ್ಣ ಸ್ಪೀಕರಿಗೆ ಜೋಡಿಸಿ ಮರಗಪ್ಪೆಯ ಕೂಗನ್ನು ಮತ್ತೆ ಮತ್ತೆ ನುಡಿಸಿದರು. ಪೊದೆಯಲ್ಲಿದ್ದ ಒಂದು ಗಂಡು ಉತ್ತರವನ್ನೇನೋ ಕೊಟ್ಟಿತು, ಜನ ಚಪ್ಪಾಳೆಯನ್ನೂ ತಟ್ಟಿದರು. ಆದರೆ ಕೂಗುವುದು ಕಪ್ಪೆಗೆ ಬಿಟ್ಟಿ ಕೆಲಸವಲ್ಲ. ಮೈ ತಣ್ಣಗಿರುವ ಪ್ರಾಣಿಗಳು ಮಾಡುವ ಅತ್ಯಂತ ದುಬಾರಿ ಕೆಲಸಗಳಲ್ಲಿ ಕಪ್ಪೆಯ ಕೂಗು ಒಂದು. ವಿಶ್ರಾಂತಿಯಲ್ಲಿದ್ದಾಗಿನದಕ್ಕಿಂತ ಹಲವು ಪಟ್ಟು ಆಮ್ಲಜನಕ ಅದಕ್ಕೆ ಖರ್ಚಾಗುತ್ತದೆ. ಇಲ್ಲದ ಎದುರಾಳಿಗೆ ಉತ್ತರ ಕೊಡುತ್ತಾ ಒಂದು ರಾತ್ರಿಯ ಶಕ್ತಿಯನ್ನು ಕಳೆದುಕೊಂಡ ಗಂಡಿಗೆ, ನಿಜವಾಗಿ ಹೆಣ್ಣು ಬಂದಾಗ ಕೂಗಲು ಏನು ಉಳಿದಿರುತ್ತದೆ?

ಅಪಾಯವೂ ಇದೆ. ಕೂಗು ಹೆಣ್ಣಿಗೆ ಮಾತ್ರ ಕೇಳುವ ಗುಟ್ಟಿನ ಮಾತಲ್ಲ, ತಿನ್ನುವವರೂ ಕೇಳಿಸಿಕೊಳ್ಳುತ್ತಾರೆ. ಮಧ್ಯ ಅಮೆರಿಕದ ಟುಂಗಾರಾ ಎಂಬ ಪುಟ್ಟ ಕಪ್ಪೆಯ ಮೇಲೆ ಮೈಕೆಲ್ ರಯಾನ್ ಮತ್ತು ಅವರ ಸಂಗಡಿಗರು ಪನಾಮಾದಲ್ಲಿ ದಶಕಗಳ ಕಾಲ ನಡೆಸಿದ ಕೆಲಸದಿಂದ ಇದು ಚೆನ್ನಾಗಿ ಸ್ಥಾಪಿತವಾಗಿದೆ. ಆ ಕಪ್ಪೆಯ ಸರಳ ಕೂಗಿನ ಕೊನೆಗೆ ‘ಚಕ್’ ಎಂಬ ಒಂದು ಒತ್ತು ಸೇರಿದರೆ ಹೆಣ್ಣಿಗೆ ಅದು ಹೆಚ್ಚು ಇಷ್ಟ. ಕಪ್ಪೆ ತಿನ್ನುವ ಬಾವಲಿಗೂ ಅದೇ ಹೆಚ್ಚು ಇಷ್ಟ. ಇದೇ ಕಪ್ಪೆ ಕೂಗುವಾಗ ನೀರಿನಲ್ಲಿ ಏಳುವ ಅಲೆಗಳನ್ನೂ ಬಾವಲಿ ಹಿಡಿಯುತ್ತದೆ ಎಂದು 2014ರಲ್ಲಿ ಇನ್ನೊಂದು ಅಧ್ಯಯನ ತೋರಿಸಿತು: ಬಾವಲಿಯ ನೆರಳು ಕಂಡು ಕಪ್ಪೆ ಬಾಯಿ ಮುಚ್ಚಿದರೂ ಅಲೆ ಒಂದೆರಡು ಕ್ಷಣ ಉಳಿದು ಅದರ ಜಾಗವನ್ನು ಹೇಳಿಕೊಡುತ್ತದೆ. ಗೊರಸಿನ ಗುಂಡಿಯ ಆ ಉಂಗುರಗಳನ್ನು ನೋಡಿದ ಮೇಲೆ ನನಗೆ ಈ ಸಂಗತಿ ಬರಿಯ ಓದಿನ ಮಾತಾಗಿ ಉಳಿಯಲಿಲ್ಲ. ನಮ್ಮ ಗೋಕಟ್ಟೆಯ ಸುತ್ತ ಹಾವು, ಗೂಬೆ, ರಾತ್ರಿಬಕಗಳು ಇದ್ದೇ ಇರುತ್ತವೆ. ಮಳೆ ಬಿದ್ದ ರಾತ್ರಿ ಸ್ಪೀಕರಿನ ಅಗತ್ಯವೇ ಬೀಳಲಿಲ್ಲ ಎಂಬುದನ್ನು ಗಮನಿಸಿದರೆ, ದಿನವನ್ನು ಸರಿಯಾಗಿ ಆರಿಸಿದರೆ ಈ ದೂರು ತಾನಾಗಿಯೇ ಕಳಚಿಕೊಳ್ಳುತ್ತದೆ.

ಜನರ ಸಂಖ್ಯೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶನಿವಾರದ ಗುಂಪು ದೊಡ್ಡದಾಗಿತ್ತು, ಅಷ್ಟು ಜನರನ್ನು ಕತ್ತಲಲ್ಲಿ ಸುಮ್ಮನೆ ಕೂರಿಸುವುದು ತಕ್ಕಡಿಯಲ್ಲಿ ಕಪ್ಪೆ ತೂಗಿದಂತೆಯೇ ಆಯಿತು. ಒಬ್ಬರು ಕೂತರೆ ಇನ್ನೊಬ್ಬರು ಫ್ಲ್ಯಾಷ್ ಹೊಡೆಯಲು ಏಳುತ್ತಿದ್ದರು. ಹತ್ತು ಜನರಿಗೆ ಮಿತಿ ಹಾಕಿ ದರವನ್ನು ಬೇಕಾದರೆ ಸ್ವಲ್ಪ ಏರಿಸಲಿ. ಒಳ್ಳೆಯ ನಿಯಮ ಒಂದನ್ನು ಅವರು ಬಿಗಿಯಾಗಿ ಪಾಲಿಸುತ್ತಾರೆ, ಅದು ಮೆಚ್ಚುವಂಥದ್ದು: ಕೈಗೆ ಸೊಳ್ಳೆ ಮುಲಾಮು ಹಚ್ಚಿಕೊಂಡವರು ಕಪ್ಪೆಯನ್ನು ಮುಟ್ಟುವಂತಿಲ್ಲ. ಕಪ್ಪೆಯ ಚರ್ಮ ನೀರನ್ನೂ ಉಸಿರನ್ನೂ ಹೀರುವಂಥದ್ದಾದ್ದರಿಂದ ಆ ರಾಸಾಯನಿಕವೂ ಒಳಗಿಳಿಯುತ್ತದೆ. ಬೇರೆ ಕೆರೆಯಿಂದ ಬಂದವರ ಬೂಟುಗಳನ್ನು ಬಾಗಿಲಲ್ಲೇ ತೊಳೆಸುತ್ತಾರೆ, ಅದೂ ಸರಿಯೇ. ಕಪ್ಪೆಗಳಿಗೆ ಮಾರಕವಾದ ಚರ್ಮದ ಶಿಲೀಂಧ್ರ ಕೆಸರಿನ ಜೊತೆ ಊರಿಂದೂರಿಗೆ ಹೋಗಬಲ್ಲದು.

ಕೃಷಿ ಹೊಂಡದ ಬಳಿ ಕೇಳುವ ಅವಧಿಯನ್ನು ಬೋರ್‌ವೆಲ್ ಮೋಟಾರು ಕೆಡಿಸಿತು. ತ್ರೀಫೇಸ್ ಕರೆಂಟು ಬಂದ ತಕ್ಷಣ ಆಟೋಮ್ಯಾಟಿಕ್ ಸ್ಟಾರ್ಟರ್ ಚಾಲೂ ಆಗಿ, ಮೋಟಾರಿನ ಒಂದೇ ಸಮನಾದ ಗುಂಯ್ ಸದ್ದು ಗೋಂಕರುಕಪ್ಪೆಗಳ ತಗ್ಗು ದನಿಯನ್ನು ಪೂರ್ತಿ ನುಂಗಿತು, ಸಣ್ಣ ಕಪ್ಪೆಗಳ ಚೂಪು ದನಿ ಮಾತ್ರ ಮೇಲೆ ತೇಲಿ ಬರುತ್ತಿತ್ತು. ಗದ್ದಲದ ಜಾಗದಲ್ಲಿ ಮೇಲು ಸ್ಥಾಯಿಯೇ ಗೆಲ್ಲುತ್ತದೆ. ಚೀನಾದ ಭೋರ್ಗರೆಯುವ ತೊರೆಗಳ ಪಕ್ಕ ಬಾಳುವ ಒಂದು ಕಪ್ಪೆ ಮನುಷ್ಯರ ಕಿವಿಗೆ ಕೇಳದ ಶ್ರವಣಾತೀತ ಸ್ಥಾಯಿಯಲ್ಲೂ ದನಿಗೊಟ್ಟು ಉತ್ತರ ಪಡೆಯುತ್ತದೆ ಎಂದು 2006ರಲ್ಲಿ ಪ್ರಕಟವಾಯಿತು. ನೀರಿನ ಮೊರೆತ ತಗ್ಗು ಸ್ಥಾಯಿಯನ್ನೆಲ್ಲ ಆಕ್ರಮಿಸಿಕೊಂಡಿರುವುದರಿಂದ ಅದು ಮೇಲೇರಿದೆ ಎಂಬುದು ವಿಜ್ಞಾನಿಗಳ ವಿವರಣೆ. ನಮ್ಮ ಗೋಂಕರುಕಪ್ಪೆ ಅಷ್ಟು ಮೇಲೇರಲಾರದು. ಕಾರ್ಯಕ್ರಮದ ಹೊತ್ತಿಗೆ ಸ್ಟಾರ್ಟರನ್ನು ಮ್ಯಾನ್ಯುಯಲ್‌ಗೆ ಹಾಕಿಡುವುದು ಯಜಮಾನರಿಗೆ ಕಷ್ಟದ ಮಾತಲ್ಲ. ಕೇಳಿದಾಗ ಒಪ್ಪಿಕೊಂಡರು ಕೂಡ.

ಮರುದಿನ ವಾಟ್ಸಾಪಿನಲ್ಲಿ ಕಳಿಸುವ ಧ್ವನಿಮುದ್ರಿಕೆಗಳು ಈ ದರದಲ್ಲಿ ನಿರೀಕ್ಷಿಸದೆ ಸಿಗುವ ಲಾಭ. ಪ್ರತಿಯೊಂದಕ್ಕೂ ಜಾಗ, ದಿನಾಂಕ, ಹೊತ್ತು, ಆಗಿನ ಉಷ್ಣಾಂಶ ಬರೆದಿರುತ್ತಾರೆ. ಉಷ್ಣಾಂಶ ಬರೆಯುವುದು ಆಡಂಬರಕ್ಕಲ್ಲ: ಕಪ್ಪೆಯ ಮೈಬಿಸಿ ಸುತ್ತಲಿನ ಗಾಳಿ ನೀರನ್ನು ಅವಲಂಬಿಸಿರುವುದರಿಂದ, ಬೆಚ್ಚಗಿನ ರಾತ್ರಿ ಅದೇ ಕಪ್ಪೆಯ ಕೂಗಿನ ಮಿಡಿತಗಳು ಬೇಗ ಬೇಗ ಬರುತ್ತವೆ, ತಂಪು ರಾತ್ರಿ ನಿಧಾನವಾಗುತ್ತವೆ, ಇದನ್ನು ಲೆಕ್ಕಕ್ಕೆ ಹಿಡಿಯದೆ ಎರಡು ಮುದ್ರಿಕೆಗಳನ್ನು ಹೋಲಿಸಿದರೆ ಒಂದೇ ಪ್ರಭೇದ ಎರಡಾಗಿ ತೋರುತ್ತದೆ. ಕಿವಿಯ ಸಾಕ್ಷ್ಯಕ್ಕೆ ಬೆಲೆಯೂ ಇದೆ. ನಮ್ಮ ಕರಾವಳಿಯಿಂದ 2016ರಲ್ಲಿ ಹೊಸ ಪ್ರಭೇದವಾಗಿ ದಾಖಲಾದ ‘ಯೂಫ್ಲಿಕ್ಟಿಸ್ ಕರಾವಳಿ’ ಎಂಬ ಕಪ್ಪೆಯನ್ನು ಅದರ ಬಂಧುಗಳಿಂದ ಬೇರ್ಪಡಿಸಿದ ಲಕ್ಷಣಗಳಲ್ಲಿ ಕೂಗೂ ಒಂದು. ಪಶ್ಚಿಮ ಘಟ್ಟದ ಪೊದೆಗಪ್ಪೆಗಳಲ್ಲಿ ಎಷ್ಟೋ ಪ್ರಭೇದಗಳು ನೋಟಕ್ಕೆ ಒಂದೇ ಹಾಗಿದ್ದು ದನಿಯಿಂದಲೇ ಬೇರೆಯಾಗುತ್ತವೆ. ಬಯಲುಸೀಮೆಯಲ್ಲಿ ಹೊಸದೇನೂ ಸಿಗದು ಎನ್ನುವಂತಿಲ್ಲ. ಬೆಂಗಳೂರಿನ ಹೊರವಲಯದ ರಾಜಾನುಕುಂಟೆಯಿಂದ ನೆಲ ಬಗೆಯುವ ಕಪ್ಪೆಯ ಒಂದು ಹೊಸ ಪ್ರಭೇದ, ಸ್ಫೀರೊಥೀಕಾ ಬೆಂಗಳೂರು, 2020ರಲ್ಲಷ್ಟೇ ಹೆಸರು ಪಡೆಯಿತು. ವಾಟ್ಸಾಪಿನ ಮೂಲಕ ಬರುವ ಕಡತಗಳು ಮಾತ್ರ ಹಿಂಡಿ ಸಣ್ಣದಾಗಿರುತ್ತವೆ. ಮೂಲ ಕಡತ ಬೇಕಾದವರು ಪೆನ್‌ಡ್ರೈವ್ ಒಯ್ದರೆ ಅಲ್ಲೇ ಹಾಕಿಕೊಡುತ್ತಾರೆ.

ಊಟ ಮುದ್ದೆ, ಸೊಪ್ಪಿನ ಸಾರು, ಅನ್ನ, ಮಜ್ಜಿಗೆ, ಹಿತವಾಗಿತ್ತು, ಬಿಸಿಯಾಗಿತ್ತು. ಮುದ್ದೆ ರೂಢಿಯಿಲ್ಲದವರಿಗೆ ಚಪಾತಿಯೂ ಇದೆ. ಕೆಸರಿನಲ್ಲಿ ನಡೆಯಬೇಕಾದ್ದರಿಂದ ಮೊಣಕಾಲುದ್ದದ ಗಮ್‌ಬೂಟು ಹಾಕಿಕೊಂಡು ಹೋಗುವುದು ಲೇಸು. ಅಲ್ಲಿ ಬಾಡಿಗೆಗೆ ಕೊಡುವ ಬೂಟುಗಳು ಎಲ್ಲ ಅಳತೆಯಲ್ಲೂ ಸಿಗುವುದಿಲ್ಲ. ಹಾವಿನ ಭಯಕ್ಕೆ ಮುಂದೊಬ್ಬರು ಹಿಂದೊಬ್ಬರು ಕೋಲು ಹಿಡಿದು ನಡೆಯುತ್ತಾರೆ. ಬೆಟ್ಟದ ಕಡೆ ಚಿರತೆ, ಕರಡಿ ಇರುವುದರಿಂದ ರಾತ್ರಿ ಒಂಟಿಯಾಗಿ ರಸ್ತೆಗಿಳಿಯಬೇಡಿ ಎಂದು ಹೇಳಿಯೇ ಕಳಿಸುತ್ತಾರೆ. ಸ್ವಂತ ವಾಹನವಿಲ್ಲದವರಿಗೆ ಹತ್ತು ಗಂಟೆಯ ಮೇಲೆ ತುಮಕೂರಿಗೆ ಮರಳುವುದು ಕಷ್ಟ, ಮೊದಲೇ ಆಟೋ ಮಾತಾಡಿಕೊಂಡಿರಬೇಕು.

ಮುಂಗಡ ಹಣದ ವಿಚಾರವನ್ನು ಸ್ಪಷ್ಟ ಮಾಡಿಕೊಳ್ಳದೆ ಬುಕ್ ಮಾಡಬೇಡಿ. ನಾನು ಹೋದ ಕಾಲಕ್ಕೆ ಮಳೆ ಜೋರಾಗಿ ಬಂದರೆ ಕಾರ್ಯಕ್ರಮ ರದ್ದಾಗಿ ಹಣ ವಾಪಸು ಬರುತ್ತಿತ್ತು, ಮಳೆಯೇ ಬಾರದಿದ್ದರೆ ಬರುತ್ತಿರಲಿಲ್ಲ. ಕಪ್ಪೆಯ ಕಡೆಯಿಂದ ನೋಡಿದರೆ ಇದು ಪೂರ್ತಿ ತಲೆಕೆಳಗಾದ ನಿಯಮ. ಯಜಮಾನರ ಜೊತೆ ನೇರವಾಗಿ ಮಾತಾಡಿ, ಒಳ್ಳೆಯ ಮಳೆ ಬಿದ್ದ ದಿನ ಮಧ್ಯಾಹ್ನ ನೀವೇ ಫೋನ್ ಮಾಡುವುದಾಗಿ ತಿಳಿಸಿದರೆ, ನಾಲ್ಕು ಜನ ಇದ್ದರೂ ವಾರದ ಯಾವ ದಿನಕ್ಕಾದರೂ ಒಪ್ಪುತ್ತಾರೆ. ಹಸ್ತೆ, ಚಿತ್ತೆಯ ಮಳೆಗಳು ಮುಗಿಯುವುದರೊಳಗೆ ಹೋಗಿಬನ್ನಿ.